ಎರಡೂವರೆ ಕಿಲೋವ್ಯಾಟ್‌ಗೆ ನಾಲ್ಕು ಚದರ ಮೀಟರ್: ವೆಂಟ್ ಕಂಡೆನ್ಸರ್ ಲೆಕ್ಕ

ಇಷ್ಟು ಕಡಿಮೆ ಶಾಖಕ್ಕೆ ಅಷ್ಟು ದೊಡ್ಡ ಕಂಡೆನ್ಸರಾ ಅಂತ ನಕ್ಕವರೇ ಹೆಚ್ಚು. ಈಗ ಅದು ಅಸಿಟೋನ್ ಟ್ಯಾಂಕಿನ ಮೇಲೆ ಕೂತು, ವೆಂಟ್‌ನಿಂದ (ಅನಿಲ ಹೊರಹೋಗುವ ಕೊಳವೆ) ಹೊರಬೀಳುವ ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕೆಲಸ ಮಾಡ್ತಿದೆ, ಹಾಗಾಗಿ ಲೆಕ್ಕ ಬಿಚ್ಚಿಡುತ್ತೇನೆ. ಅಂಕಿಗಳು ನೆನಪಿನಿಂದ.

ತಣಿಸಲು ಮೊದಲು ಕೊಟ್ಟಿದ್ದು ಕೂಲಿಂಗ್ ಟವರ್ ನೀರು. ದುಡ್ಡು ದಂಡ. ಟ್ಯಾಂಕಿನ ಆವಿ 30 ಡಿಗ್ರಿ, ನೀರೂ ಹೆಚ್ಚುಕಮ್ಮಿ ಅಷ್ಟೇ. ಹನಿ ಬೀಳುವುದಾದರೂ ಹೇಗೆ?

ಪಂಪು ಗಂಟೆಗೆ 20 ಘನ ಮೀಟರ್ ತುಂಬಿದರೆ ಅಷ್ಟೇ ಅನಿಲ ವೆಂಟ್‌ನಿಂದ ಹೊರಬೀಳುತ್ತೆ. 30 ಡಿಗ್ರಿಯಲ್ಲಿ ಅಸಿಟೋನಿನ ಆವಿಯೊತ್ತಡ ಸುಮಾರು 38 ಕಿಲೋಪಾಸ್ಕಲ್, ಅಂದರೆ ಗಂಟೆಗೆ 17–18 ಕಿಲೋ ಅಸಿಟೋನ್ ಗಾಳಿಪಾಲು. ಹೊರಹೋಗುವ ಅನಿಲವನ್ನು 0 ಡಿಗ್ರಿಗೆ ಇಳಿಸಿದರೆ ನಷ್ಟ 3 ಕಿಲೋ, ಮೈನಸ್ 10ಕ್ಕೆ ಇಳಿಸಿದರೆ ಒಂದೂವರೆ. ಆ ಕೊನೆಯ ಒಂದೂವರೆ ಕಿಲೋಗಾಗಿ ಬ್ರೈನನ್ನು (ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದ, ತಣಿಸಲು ಬಳಸುವ ಉಪ್ಪುನೀರು) ಇನ್ನೂ ತಣ್ಣಗೆ ಮಾಡುವ ಖರ್ಚು ಗಿಟ್ಟಲಿಲ್ಲ, 0ಕ್ಕೇ ನಿಂತೆವು.

ಎಡವುವುದು ಇನ್ನು ಮುಂದೆ. ಶಾಖ ಎರಡೂವರೆ ಕಿಲೋವ್ಯಾಟ್, ಬ್ರೈನ್ ಮೈನಸ್ 10ರಲ್ಲಿ ಒಳಗೆ, ಮೈನಸ್ 6ರಲ್ಲಿ ಹೊರಗೆ, ಎಲ್‌ಎಂಟಿಡಿ (ಅನಿಲಕ್ಕೂ ಬ್ರೈನಿಗೂ ನಡುವಿನ ಸರಾಸರಿ ತಾಪಮಾನ ವ್ಯತ್ಯಾಸ) 20. ಶುದ್ಧ ಆವಿಯ ಯು-ಬೆಲೆ (ಒಂದು ಚದರ ಮೀಟರ್, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಶಾಖ ದಾಟುತ್ತೆ ಅನ್ನೋದು) 300 ಹಿಡಿದರೆ ಅರ್ಧ ಚದರ ಮೀಟರೂ ಬೇಡ ಅನ್ನುತ್ತೆ. ಆದರೆ ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು, ಟ್ಯಾಂಕಿನ ಖಾಲಿ ಜಾಗಕ್ಕೆ ಬಿಟ್ಟ ನೈಟ್ರೋಜನ್, ಆವಿ ಅದನ್ನು ದಾಟಿಕೊಂಡೇ ಟ್ಯೂಬಿಗೆ ಬರಬೇಕು. 40ರ ಮೇಲೆ ಹಿಡಿಯಬೇಡಿ. 3 ಚದರ ಮೀಟರ್ ಬಂತು, ನಾಲ್ಕು ಮಾಡಿಸಿದೆವು. ಬ್ಯಾಫಲ್ (ಒಳಗಿನ ಹರಿವನ್ನು ತಿರುಗಿಸುವ ಅಡ್ಡತಗಡು) ಅಂತರ ಎಷ್ಟಿಟ್ಟೆವು ಅನ್ನೋದು ನಮ್ಮಲ್ಲೇ ಇರಲಿ. ಒತ್ತಡ ನಷ್ಟ ಮಾತ್ರ ನೀರಿನ 10 ಮಿ.ಮೀ. (ಅಷ್ಟೆತ್ತರದ ನೀರಿನ ಕಂಬದ ಒತ್ತಡ) ಮೀರದಂತೆ ನೋಡಿಕೊಂಡೆವು.

ಕಂಡೆನ್ಸೇಟನ್ನು ಬೇರೆ ರಿಸೀವರಿಗೆ ಇಳಿಸುವವರು ಯು-ಸೀಲಿನ (ದ್ರವ ನಿಂತು ಅನಿಲವನ್ನು ತಡೆಯುವ, ಯು ಆಕಾರದ ಕೊಳವೆ) ಎತ್ತರ ಗಮನಿಸಿ. ಕಂಡೆನ್ಸರ್ ಆಚೆಯ ಬ್ರೀದರ್ ವಾಲ್ವ್ (ಒತ್ತಡ ಏರಿದಾಗ ತಾನೇ ತೆರೆದು ಅನಿಲ ಬಿಡುವ ವಾಲ್ವ್) ನೀರಿನ 200 ಮಿ.ಮೀ.ಗೆ ತೆರೆಯುತ್ತೆ ಅಂತ ಸೀಲನ್ನೂ 200 ಮಾಡಿದರೆ ಹಾರಿಹೋಗುತ್ತೆ. ನೀರಿನ ಸಾಂದ್ರತೆ 1 ಆದರೆ ಅಸಿಟೋನಿನದು 0.79, ಬೇಕಾದ್ದು 250ಕ್ಕಿಂತ ಹೆಚ್ಚು. ವ್ಯಾಕ್ಯೂಮ್ ವಾಲ್ವ್ ಮತ್ತು ಎಮರ್ಜೆನ್ಸಿ ವೆಂಟ್ ನೇರ ಟ್ಯಾಂಕಿನ ಮೇಲೇ ಇರಬೇಕು, ಕಂಡೆನ್ಸರ್ ಮೂಲಕ ಅಲ್ಲ.

ಇದೇ ಕಂಡೆನ್ಸರನ್ನು ಹೆಕ್ಸೇನಿಗೂ ಹಚ್ಚಿ ನೋಡಿದೆವು. ಬ್ಲಾಂಕೆಟಿಂಗ್ (ದ್ರವದ ಮೇಲೆ ನೈಟ್ರೋಜನ್ ಹೊದಿಕೆ) ಇಲ್ಲದ ಟ್ಯಾಂಕ್, ತೇವದ ಗಾಳಿ ಒಳಬಂದು ಟ್ಯೂಬುಗಳಲ್ಲಿ ಐಸ್ ಕಟ್ಟಿತು. ಅಸಿಟೋನಿನಲ್ಲಿ ನೀರು ಕರಗಿಹೋಗುವುದರಿಂದ ಈ ಕಾಟ ಕಂಡಿರಲಿಲ್ಲ. ಸೈಕ್ಲೋಹೆಕ್ಸೇನಿಗಂತೂ ಬೇಡವೇ ಬೇಡ, 6.5 ಡಿಗ್ರಿಗೇ ಗಟ್ಟಿಯಾಗುತ್ತೆ.

ಕಂಡೆನ್ಸರ್ ಹಾಕಿದ ಮೇಲೂ ಸ್ಟಾಕ್ ತಾಳೆ ಆಗದಿದ್ದರೆ ನೈಟ್ರೋಜನ್ ರೆಗ್ಯುಲೇಟರ್ ಬಿಚ್ಚಿ ನೋಡಿ. ಸೀಟ್ ಸವೆದು ಗಂಟೆಗೆ 5 ಘನ ಮೀಟರ್ ಸೋರುತ್ತಿದ್ದರೆ, 0 ಡಿಗ್ರಿಯಲ್ಲೂ ದಿನಕ್ಕೆ 28 ಕಿಲೋ ಅಸಿಟೋನ್ ಹೊತ್ತೊಯ್ಯುತ್ತೆ. ಕಂಡೆನ್ಸರಿನದೇನೂ ತಪ್ಪಿಲ್ಲ.