ಹೆಡ್‌ಲೈಟ್ ಬಲ್ಬ್ ಕೊಳ್ಳುವ ಮುನ್ನ ಬುಡದ ಬರಹ ಓದಿ

‘ಆಲ್ಟೋಗೊಂದು ಹೆಡ್‌ಲೈಟ್ ಬಲ್ಬ್ ಕೊಡಿ’ ಎಂದಷ್ಟೇ ಹೇಳಿ ತಂದರೆ ಎಡವುವ ಸಾಧ್ಯತೆ ಹೆಚ್ಚು. ಹಳೇ ಬಲ್ಬನ್ನೇ ಬಿಚ್ಚಿ ಒಯ್ಯಿರಿ. ಅದರ ಲೋಹದ ಬುಡದಲ್ಲಿ ಸಣ್ಣಕ್ಷರದಲ್ಲಿ ಎಚ್4, 12 ವೋಲ್ಟ್, 60/55 ವ್ಯಾಟ್ ಎಂಬಂಥ ಬರಹ ಇರುತ್ತದೆ. ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಅದನ್ನೂ ಪೂರ್ತಿ ನಂಬಬೇಡಿ. ಹಿಂದಿನವರೇ ತಪ್ಪು ಬಲ್ಬ್ ಹಾಕಿಸಿರಬಹುದು, ಮ್ಯಾನ್ಯುಯಲ್ ಜೊತೆ ತಾಳೆ ನೋಡಿ.

ಎಚ್4 ಮಾದರಿಯಲ್ಲಿ ಮೂರು ಪಿನ್, ಎರಡು ಫಿಲಮೆಂಟ್ (ಉರಿಯುವ ತಂತಿ): ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55. ಎಚ್7ಕ್ಕೆ ಎರಡೇ ಪಿನ್, ಒಂದೇ ಫಿಲಮೆಂಟ್, 55 ವ್ಯಾಟ್. ಲೋ ಮತ್ತು ಹೈಗೆ ಬೇರೆ ಬೇರೆ ಬಲ್ಬ್ ಇರುವ ಕಾರುಗಳಲ್ಲಿ ಎರಡರ ನಂಬರ್ ಒಂದೇ ಆಗಿರಬೇಕೆಂದಿಲ್ಲ. ಹೆಚ್ಚು ಮೋಸ ಹೋಗುವುದು ಬೈಕಿನವರು. ಎಚ್‌ಎಸ್1 ನೋಡಲು ಥೇಟ್ ಎಚ್4ರಂತೆಯೇ ಇದ್ದರೂ ಅದು 35/35 ವ್ಯಾಟ್‌ನದು, ಬುಡದ ಅಂಚಿನಿಂದ ಹೊರಚಾಚಿದ ಕಿವಿಗಳ ಅಳತೆಯೂ ಬೇರೆ. ಆ ಜಾಗಕ್ಕೆ ಕಿವಿ ಉಜ್ಜಿ ಎಚ್4 ಕೂರಿಸಿದರೆ ಬ್ಯಾಟರಿ ಸೊರಗುತ್ತದೆ, ಬಲ್ಬಿನ ಸುತ್ತಲ ಹೊಳಪಿನ ಬಟ್ಟಲು, ಅಂದರೆ ರಿಫ್ಲೆಕ್ಟರ್, ಅತಿಯಾಗಿ ಬಿಸಿಯಾಗುತ್ತದೆ. ಲಾರಿ, ಬಸ್ಸುಗಳದು 24 ವೋಲ್ಟ್. 12 ವೋಲ್ಟಿನ ಬಲ್ಬ್ ಅಲ್ಲಿ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

100/90 ವ್ಯಾಟಿನ ಬಲ್ಬ್ ಅದೇ ಹೋಲ್ಡರಿಗೆ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. 60 ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಸಾಕು, 100ಕ್ಕೆ 8 ಆಂಪಿಯರಿಗೂ ಹೆಚ್ಚು ಬೇಕು. ಕಂಪನಿಯ ತೆಳು ವೈರ್, ಸ್ವಿಚ್ಚು ಆ ಲೆಕ್ಕಕ್ಕೆ ಮಾಡಿದ್ದಲ್ಲ. ಬಲ್ಬಿನ ಹಿಂದೆ ಸಿಕ್ಕಿಸುವ ಪ್ಲಗ್ಗಿನ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ.

ಎಚ್4ರ ಗಾಜಿನೊಳಗೆ ಇಣುಕಿ ನೋಡಿ. ಲೋ ಬೀಮ್ ತಂತಿಯ ಕೆಳಗೆ ಚಮಚದಂಥ ಪುಟ್ಟ ತಗಡು ಇರುತ್ತದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮುವ ಬೆಳಕನ್ನು ಅದು ತಡೆಯುವುದರಿಂದಲೇ ಎದುರಿನವರ ಕಣ್ಣು ಕುಕ್ಕುವುದಿಲ್ಲ. ರಿಫ್ಲೆಕ್ಟರ್ ರೂಪುಗೊಂಡಿರುವುದೇ ಆ ತಂತಿ ಇರುವ ಜಾಗ ನೋಡಿಕೊಂಡು. ಇಂಥ ತಂತಿ ಬಲ್ಬಿನ ಹ್ಯಾಲೊಜೆನ್ ಲೈಟಿಗೆ ಅಗ್ಗದ ಎಲ್‌ಇಡಿ ತುರುಕಿದಾಗ ಈ ಲೆಕ್ಕ ತಪ್ಪುತ್ತದೆ. ಬಂಪರಿನ ಮುಂದೆ ಝಗಮಗ, ದೂರದಲ್ಲಿ ಕತ್ತಲೆ, ಎದುರು ಬರುವವನ ಕಣ್ಣಿಗೆ ಮಂಜು. ನೀಲಿ ಲೇಪದ ಬಲ್ಬೂ ಬೇಡ, ಆ ಲೇಪವೇ ಬೆಳಕಿನ ಒಂದು ಪಾಲನ್ನು ನುಂಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವವರಿಗೆ ಒಳ್ಳೆಯ ಕಂಪನಿಯ ಸಾದಾ 60/55 ಸಾಕು.

ಹಾಕುವಾಗ ಲೈಟ್ ಆರಿಸಿ, ಬಲ್ಬ್ ತಣ್ಣಗಾಗಲು ಬಿಡಿ. ಪ್ಲಗ್ ನೇರವಾಗಿ ಎಳೆದು, ರಬ್ಬರ್ ಕವರ್ ತೆಗೆದು, ಸ್ಪ್ರಿಂಗ್ ಕ್ಲಿಪ್ ಬಿಡಿಸಿ. ಹೊಸದನ್ನು ಬುಡದಲ್ಲಿ ಮಾತ್ರ ಹಿಡಿಯಿರಿ. ಗಾಜಿಗೆ ಬೆರಳಿನ ಜಿಡ್ಡು ತಗುಲಿದರೆ ಆ ಚುಕ್ಕೆ ಹೆಚ್ಚು ಕಾದು ಆಯಸ್ಸು ಕುಂದುತ್ತದೆ. ಮುಟ್ಟಿದ್ದರೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ. ಎಚ್4ರ ಮೂರು ಕಿವಿಗಳಲ್ಲಿ ಅಗಲವಾದದ್ದು ಮೇಲಕ್ಕೆ ಬರಬೇಕು. ಓರೆಯಾಗಿ ಕೂತರೆ ಬೆಳಕು ಮರದ ತುದಿಗೆ ಹೋಗುತ್ತದೆ.

ಸಮತಟ್ಟು ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಲೈಟಿನ ನಡುಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಲಿ. ಸರಿಯಾದ ಬಲ್ಬ್ ಹಾಕಿಯೂ ಮಂಕಾಗಿದ್ದರೆ, ಇಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೋಲ್ಟೇಜನ್ನು ಬ್ಯಾಟರಿಯದರ ಜೊತೆ ಹೋಲಿಸಿ ಅಳೆಯಿರಿ. ಪ್ಲಗ್ಗಿನಲ್ಲಿ ಒಂದು ವೋಲ್ಟಿಗೂ ಮೀರಿ ಕಡಿಮೆ ಬಂದರೆ ಅರ್ತ್ ವೈರಿನ ತುಕ್ಕು ಕೆರೆದು, ಬಿಗಿಯಾಗಿ ಕೂರಿಸಿ.