ಹೊಂಡಕ್ಕೆ ಇಳಿಬಿಟ್ಟ ಟೈರು

ಕೃಷಿ ಹೊಂಡಕ್ಕೆ ಹಾಕಿದ ಪಾಲಿಥಿನ್ ಹಾಳೆ ಎಷ್ಟು ಜಾರುತ್ತದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ತಂಗಿಯ ಮಗ ಬಿದ್ದ ದಿನ. ಐದು ವರ್ಷದ ಹುಡುಗ. ಹಾರಿ ಹಿಡಿದುಕೊಂಡೆ. ಕೆರೆಯಲ್ಲೇ ಈಜಿ ಬೆಳೆದವನು ನಾನು, ಆದರೂ ದಡ ಹತ್ತಲು ಆಗಲಿಲ್ಲ. ಪಾಚಿಯ ಮೇಲೆ ಕಾಲೇ ನಿಲ್ಲಲಿಲ್ಲ. ರಾಗಿ ಕುಯ್ಯುತ್ತಿದ್ದ ಅಕ್ಕ ಒಬ್ಬರು ಉಟ್ಟ ಸೀರೆಯನ್ನೇ ಬಿಚ್ಚಿ ಎಸೆದರು. ಬದುಕಿದೆವು.

ನಮ್ಮ ನಾಗಮಂಗಲದ ಕಡೆ ಮಳೆ ನಂಬಿದ ಹೊಲಗಳೇ ಜಾಸ್ತಿ. 2014ರಲ್ಲಿ ಮಳೆನೀರು ಹಿಡಿಯುವ ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡಗಳು ಹೆಚ್ಚಾದವು. ನನ್ನದು 70 ಅಡಿ ಚೌಕ, ಹತ್ತು ಅಡಿ ಆಳ.

ಮೊದಲು ಬಿದಿರಿನ ಬೇಲಿ ಹಾಕಿಸಿದೆ. ನಾಲ್ಕು ಸಾವಿರ ಹೋಯಿತು, ವರ್ಷದೊಳಗೆ ಗೆದ್ದಲು ತಿಂದಿತು. ಆಮೇಲೆ ಕಲ್ಲುಕಂಬ, ತಂತಿ ಮೆಶ್, ಸುಮಾರು 40 ಸಾವಿರ. ಆದರೆ ಮೋಟರ್ ಹಾಕಲು ಹೋದವರು ಯಾರೂ ಗೇಟು ಮುಚ್ಚುತ್ತಿರಲಿಲ್ಲ. ಈಗ ರಾಟೆಗೆ ಹಗ್ಗ ಹಾಕಿ ಕಲ್ಲು ಕಟ್ಟಿದ್ದೇನೆ. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಚಿಲಕ ನನ್ನ ಎದೆಮಟ್ಟಕ್ಕಿದೆ.

ಬೇಲಿ ದಾಟಿ ಬಿದ್ದರೆ? ಬರೀ ಹಗ್ಗ ಬಿಟ್ಟು ನೋಡಿದೆ, ಕೈ ಜಾರಿತು. ಅಡಿಗೊಂದು ಗಂಟು ಹಾಕಿದೆ, ಕೈ ನಿಂತಿತು, ಕಾಲು ನಿಲ್ಲಲಿಲ್ಲ. ಕೊನೆಗೆ ಹಳೇ ಸ್ಕೂಟರ್ ಟೈರುಗಳನ್ನು ಏಣಿಯ ಹಾಗೆ ಕಟ್ಟಿ ನಾಲ್ಕೂ ಕಡೆ ಇಳಿಬಿಟ್ಟೆ. ಎಲ್ಲಾ ಸೇರಿ ಎರಡೂವರೆ ಸಾವಿರ. "ಬೇಲಿ ಇದೆಯಲ್ಲಾ, ಸುಮ್ನೆ ದುಡ್ಡು ದಂಡ" ಅಂದವರ ಎದುರೇ ಹತ್ತು ವರ್ಷದ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆ. ಅರ್ಧ ನಿಮಿಷದಲ್ಲಿ ಹತ್ತಿ ಬಂದಳು! ಹಾಳೆ ತೂತಾಗದ ಹಾಗೆ ಟೈರು ಕೂರಿಸುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ಟೈರು ಕಟ್ಟಿದ ಬೇಸಿಗೆಯಲ್ಲೇ ನಮ್ಮಪ್ಪ ಕಲಿಸಿದ ಹಾಗೆ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಆರು ಮಕ್ಕಳಿಗೆ ಈಜು ಹೇಳಿಕೊಟ್ಟೆ. ನಾಲ್ಕು ಮಕ್ಕಳು ಕಲಿತರು. ಎರಡು ಬುರುಡೆ ಒಡೆದವು, ಆಮೇಲೆ ಐದು ಲೀಟರ್ ಖಾಲಿ ಕ್ಯಾನೇ ವಾಸಿ ಅನ್ನಿಸಿತು.

ಎರಡು ವರ್ಷದ ಕೂಸಿಗೆ ಟೈರೂ ಇಲ್ಲ, ಈಜೂ ಇಲ್ಲ. ಅದಕ್ಕೆ ಒಂದು ಕಣ್ಣು ಬೇಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಹೊತ್ತು, ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಚಿಕ್ಕ ಮಕ್ಕಳನ್ನು ಒಂದು ಮನೆಯಲ್ಲಿ ನೋಡಿಕೊಳ್ಳುತ್ತಾರೆ. ಅದರಿಂದ ಮುಳುಗಿ ಸಾಯುವ ಮಕ್ಕಳು ಕಡಿಮೆಯಾಗಿದ್ದಾರೆ. ನಾನು ಹೊಂಗೆ ಮರದಡಿ ಒಬ್ಬ ಅಜ್ಜಿಯನ್ನು ಕೂರಿಸಿದೆ, ದಿನಕ್ಕೆ 350 ರೂಪಾಯಿ. ಕೂತಿದ್ದಕ್ಕೂ ಕೂಲಿಯಾ ಅಂತ ಮನೆಯಲ್ಲೇ ಕೇಳಿದರು. ಈ ಸಲ ಕುಯ್ಲಿಗೆ ಬಂದ ಅಮ್ಮಂದಿರ ಜೊತೆ ಏಳು ಮಕ್ಕಳು ಬಂದಿದ್ದರು, ಹತ್ತು ದಿನ. ಒಂದೂ ಬೇಲಿ ಹತ್ತಿರ ಸುಳಿಯಲಿಲ್ಲ. ದುಡ್ಡು ದಂಡ ಅಂದಿದ್ದ ಪಕ್ಕದ ಹೊಲದವರು ಮೊನ್ನೆ ಎಂಟು ಟೈರು ತಂದು ನಮ್ಮ ಪಂಪ್‌ಹೌಸ್ ಮುಂದೆ ಇಳಿಸಿ ಹೋಗಿದ್ದಾರೆ.