ವಾರ್ಡ್‌ರೋಬ್ ಮಾಡಿ ಉಳಿದ ಪ್ಲೈವುಡ್‌ನಲ್ಲಿ ಡಬ್ಬಿ ಇಲ್ಲದ ಸ್ಪೀಕರ್

ವಾರ್ಡ್‌ರೋಬ್ ಕೆಲಸ ಮುಗಿದ ಮೇಲೆ ನಮ್ಮನೆ ಮೆಟ್ಟಿಲ ಕೆಳಗೆ ಒಂದು ಪ್ಲೈವುಡ್ ತುಂಡು ಉಳಿದಿತ್ತು. 18 ಎಂಎಂ ದಪ್ಪ, 3 ಅಡಿಗೆ 3 ಅಡಿ. ಅದನ್ನು ನಡುವೆ ಸೀಳಿ ಎರಡು ಹಲಗೆ ಮಾಡಿದೆ. ಈಗ ದಿನಾ ಬೆಳಿಗ್ಗೆ ಗಂಗೂಬಾಯಿ ಹಾನಗಲ್ ಅವರ ದನಿ ಬರುವುದು ಆ ಹಲಗೆಗಳಿಂದಲೇ.

ಇದಕ್ಕೆ ಓಪನ್ ಬ್ಯಾಫಲ್ ಅಂತಾರೆ. ಹಲಗೆಗೆ ತೂತು ಕೊರೆದು ಸ್ಪೀಕರ್ ಕೂರಿಸುವುದು ಅಷ್ಟೇ, ಹಿಂದೆ ಪೂರ್ತಿ ಬಯಲು. ಡಬ್ಬಿಯೊಳಗಿಂದ ಹಾಡಿದ ಹಾಗೆ ಕೇಳುವುದಿಲ್ಲ. ತಂಬೂರಿಯ ನಾದ ಕೋಣೆಯಲ್ಲಿ ಹರಡುವುದನ್ನು ಒಮ್ಮೆ ಕೇಳಿ, ನನ್ನ ಸಂತೋಷ ನಿಮಗೂ ಅರ್ಥವಾಗುತ್ತದೆ.

8 ಇಂಚಿನ, 8 ಓಮ್‌ನ ಫುಲ್ ರೇಂಜ್ ಸ್ಪೀಕರ್, ಅಂದರೆ ತಗ್ಗು ಸ್ವರದಿಂದ ಏರು ಸ್ವರದವರೆಗೆ ಎಲ್ಲವನ್ನೂ ಒಂದೇ ನುಡಿಸುವಂಥದ್ದು, ಒಂದು ಜೊತೆ ತನ್ನಿ. ವಿವರಪಟ್ಟಿಯಲ್ಲಿ ಕ್ಯೂಟಿಎಸ್ (Qts) ಅಂತ ಒಂದು ಅಂಕಿ ಇರುತ್ತದೆ, ಸ್ಪೀಕರಿನ ಅದುರಾಟಕ್ಕೆ ಎಷ್ಟು ಕಡಿವಾಣ ಇದೆ ಅಂತ ಹೇಳುವುದು ಅದೇ; ಅಂಕಿ ಕಡಿಮೆಯಾದಷ್ಟೂ ಕಡಿವಾಣ ಜಾಸ್ತಿ. ಅದು 0.7ರ ಆಸುಪಾಸು ಅಥವಾ ಜಾಸ್ತಿ ಇರಲಿ. 0.3 ಇದ್ದರೆ ಬೇಡ, ಬೇಸ್ (ತಗ್ಗು ಸ್ವರಗಳು) ತೀರಾ ಸೊರಗುತ್ತದೆ.

ತೂತಿನ ಅಳತೆಯನ್ನು ಸ್ಪೀಕರ್ ಕೈಗೆ ಬಂದ ಮೇಲೇ ತೆಗೆಯಿರಿ. ಹಲಗೆಯ ಸರಿಯಾದ ನಡುವಿಗೆ ಕೊರೆಯಬೇಡಿ. ಎಲ್ಲ ಅಂಚೂ ಒಂದೇ ದೂರದಲ್ಲಿದ್ದರೆ ಕೆಲವು ಸ್ವರಗಳು ಏಳುತ್ತವೆ, ಕೆಲವು ಬೀಳುತ್ತವೆ. ನನ್ನ ಹಲಗೆ 45 ಸೆಂ.ಮೀ. ಅಗಲ. ತೂತಿನ ಕೇಂದ್ರ ಒಂದು ಅಂಚಿನಿಂದ 18, ಇನ್ನೊಂದರಿಂದ 27 ಸೆಂ.ಮೀ. ಎರಡನೇ ಹಲಗೆಯಲ್ಲಿ ಇದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ತೂತಿನ ಹಿಂಬದಿ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ. ಇಲ್ಲದಿದ್ದರೆ 18 ಎಂಎಂ ದಪ್ಪದ ತೂತಿನಲ್ಲಿ ಹಿಂದಿನ ಗಾಳಿ ಸರಾಗವಾಗಿ ಆಡುವುದಿಲ್ಲ. ಸ್ಪೀಕರ್ ಮತ್ತು ಹಲಗೆಯ ನಡುವೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಇಟ್ಟೆ, ಅದರುವುದು ನಿಂತಿತು.

ಇನ್ನು ಬೇಸ್. ಕೋನ್, ಅಂದರೆ ಸ್ಪೀಕರಿನ ಅದುರುವ ಬಟ್ಟಲು, ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನದು ಸಡಿಲಾಗುತ್ತದೆ. ಇವೆರಡೂ ಅಂಚು ಸುತ್ತಿ ಬಂದು ಸೇರಿದರೆ ಒಂದನ್ನೊಂದು ಅಳಿಸುತ್ತವೆ. 100 ಹರ್ಟ್ಸ್ ತಗ್ಗು ಸ್ವರದ ಅಲೆಯ ಉದ್ದವೇ ಸುಮಾರು 3.4 ಮೀಟರ್, ಅದರ ಮುಂದೆ 45 ಸೆಂ.ಮೀ. ಹಲಗೆ ಯಾವ ಲೆಕ್ಕ ಅಲ್ವಾ? ಅದಕ್ಕೇ ಹಳೇ ಶೆಲ್ಫಿನ 8 ಇಂಚು ಅಗಲದ ಹಲಗೆಗಳನ್ನು ಎರಡೂ ಬದಿಗೆ, ಹಿಂದಕ್ಕೆ ಚಾಚುವಂತೆ ಸ್ಕ್ರೂ ಹಾಕಿ ಬಿಗಿದೆ. ಅಲೆ ಸುತ್ತಿ ಬರುವ ದಾರಿ ಉದ್ದವಾಯಿತು, ಹಲಗೆ ತಾನೇ ನಿಲ್ಲುವಂತೆಯೂ ಆಯಿತು. ಆಂಪ್ಲಿಫೈಯರ್‌ನಲ್ಲಿ ಬೇಸ್ ಮಾತ್ರ ಜಾಸ್ತಿ ತಿರುಗಿಸಬೇಡಿ. ಡಬ್ಬಿಯ ಗಾಳಿಯ ತಡೆ ಇಲ್ಲದ್ದರಿಂದ ಕೋನ್ ಮಿತಿಮೀರಿ ಆಡಿ ಹಾಳಾಗುತ್ತದೆ.

ವೈರ್ ಜೋಡಿಸುವಾಗ ಪ್ಲಸ್ ಮೈನಸ್ ನೋಡಿಕೊಳ್ಳಿ. ನಾನು ಒಂದು ಕಡೆ ಅದಲುಬದಲು ಮಾಡಿದ್ದೆ. ಎರಡು ದಿನ ದನಿ ತೆಳ್ಳಗೆ, ಎಲ್ಲಿಂದಲೋ ಬಂದ ಹಾಗೆ ಕೇಳಿಸಿ ಬೇಜಾರಾಗಿತ್ತು. ಆಂಪ್ಲಿಫೈಯರ್‌ಗೆ ಜೋಡಿಸುವ ಮುಂಚೆ 1.5 ವೋಲ್ಟ್ ಸೆಲ್ಲನ್ನು ಸ್ಪೀಕರಿನ ವೈರಿಗೆ ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್ ಸೇರಿದರೆ ಕೋನ್ ಹೊರಗೆ ಬರಬೇಕು.

ಗೋಡೆಗೆ ಒರಗಿಸಿ ಇಡಬೇಡಿ. ಹಿಂದೆ 3 ಅಡಿ ಜಾಗ ಬೇಕೇ ಬೇಕು. ನಾವು ಚಾಪೆ ಮೇಲೆ ಕೂತು ಕೇಳುತ್ತೇವೆ, ಅದಕ್ಕೆ ಹಲಗೆಯನ್ನು ತುಸು ಹಿಂದಕ್ಕೆ ವಾಲಿಸಿದ್ದೇನೆ. ಒಂದೇ ಹಾಡು ಹಾಕಿ, ಅರ್ಧ ಅಡಿ ಅರ್ಧ ಅಡಿ ಸರಿಸುತ್ತಾ ಕೇಳಿ. ಎರಡು ಹಲಗೆಗಳ ನಡುವೆ ಯಾರೋ ಕೂತು ಹಾಡಿದ ಹಾಗೆ ದನಿ ಬಂದಾಗ ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿ. ಮನೆ ಗುಡಿಸುವಾಗ ಹಲಗೆ ಸರಿದೇ ಸರಿಯುತ್ತದೆ.